ರೈತರಿಂದ ನೇರ ತರಕಾರಿ: ಪುಣೆಯ ಸಣ್ಣ ಖಾನಾವಳಿಯವರಿಗೆ ಒಂದು ಮಾರ್ಗದರ್ಶಿ

"ನೀವು ಸೊಪ್ಪು-ತರಕಾರಿ ಎಲ್ಲಿಂದ ತರಿಸುತ್ತೀರಿ? ಆ ರೈತರ ನಂಬರ್ ಕೊಡ್ತೀರಾ?" ಪುಣೆಯಲ್ಲಿ ಖಾನಾವಳಿ, ಮೆಸ್, ಟಿಫಿನ್ ಸೆಂಟರ್ ನಡೆಸುವ ನಮ್ಮ ಕನ್ನಡದವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ನಂಬರ್ ಕೊಡುವುದು ಸುಲಭ. ಆದರೆ ನಂಬರ್ ಒಯ್ದವರಲ್ಲಿ ಹೆಚ್ಚಿನವರ ವ್ಯವಹಾರ ಎರಡು ತಿಂಗಳು ದಾಟಲಿಲ್ಲ. ರೈತರು ಮೋಸ ಮಾಡಿದರು ಅಂತಲ್ಲ, ಹೋಟೆಲಿನವರು ದುಡ್ಡು ಕೊಡಲಿಲ್ಲ ಅಂತಲೂ ಅಲ್ಲ. ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್‌ನಲ್ಲಿ, ಅಂದರೆ ಸಗಟು ಮಾರುಕಟ್ಟೆಯಲ್ಲಿ, ಕೊಳ್ಳುವ ಹಾಗೆಯೇ ಹೊಲದಿಂದಲೂ ಕೊಳ್ಳಲು ಹೋದರು. ಯಾರ್ಡ್‌ನಲ್ಲಿ ನಿಮಗೆ ಬೇಕಾದದ್ದು ಬೇಕಾದಷ್ಟು ಸಿಗುತ್ತದೆ. ಹೊಲದಲ್ಲಿ ಬೆಳೆದದ್ದು ಬೆಳೆದಷ್ಟು ಸಿಗುತ್ತದೆ. ಇದಕ್ಕೆ ನಿಮ್ಮ ಅಡುಗೆಮನೆ ತಯಾರಿದ್ದರೆ ಮಿಕ್ಕಿದ್ದನ್ನೆಲ್ಲ ಹೊಂದಿಸಿಕೊಳ್ಳಬಹುದು.

ನಮ್ಮದು ಕೋಥ್ರೂಡ್ ಕಡೆಯ 32 ಸೀಟಿನ ರೊಟ್ಟಿ ಖಾನಾವಳಿ. ಕೆಳಗೆ ಬರೆದಿರುವುದು ಅಷ್ಟು ಸಣ್ಣ ಅಡುಗೆಮನೆಗೆ ಹೊಂದುವ ಲೆಕ್ಕ. ದಿನಕ್ಕೆ ಐನೂರು ಊಟ ಬಡಿಸುವವರಿಗೆ ಇದು ಅಷ್ಟಾಗಿ ಹೊಂದುವುದಿಲ್ಲ.

1. ಮೊದಲು ಹದಿನೈದು ದಿನ ತೂಕ ಮಾಡಿ

ರೈತರನ್ನು ಹುಡುಕುವ ಮೊದಲು ಒಂದು ನೋಟ್‌ಬುಕ್ ಮತ್ತು ತಕ್ಕಡಿ ಇಟ್ಟುಕೊಳ್ಳಿ. ಒಳಗೆ ಬರುವ ಪ್ರತಿ ತರಕಾರಿಯನ್ನು ಎರಡು ಸಲ ತೂಗಿ: ಬಂದಾಗ ಒಮ್ಮೆ, ಸೋಸಿ ಹೆಚ್ಚಿದ ಮೇಲೆ ಒಮ್ಮೆ. ಎರಡನ್ನೂ ಬರೆದಿಡಿ.

ಇದು ಯಾಕೆ ಬೇಕು ಅಂತ ಒಂದು ಲೆಕ್ಕ ನೋಡಿ. ಯಾರ್ಡ್‌ನಿಂದ ತಂದ ಬೆಂಡೆಕಾಯಿ ಕಿಲೋಗೆ 30 ರೂಪಾಯಿ ಅಂತಿಟ್ಟುಕೊಳ್ಳಿ. 10 ಕಿಲೋ ತಂದರೆ ಬಲಿತದ್ದು, ಬಾಡಿದ್ದು ತೆಗೆದು ಪಾತ್ರೆಗೆ ಬಿದ್ದದ್ದು ಏಳೂವರೆ ಕಿಲೋ. ಅಂದರೆ ನಿಮಗೆ ನಿಜವಾಗಿ ಬಿದ್ದ ದರ 40. ರೈತರು ಕೊಟ್ಟದ್ದು ಕಿಲೋಗೆ 36, ಹಾಳಾದದ್ದು ಒಂದೇ ಕಿಲೋ. ಇದೂ 40ಕ್ಕೇ ಬಂತು. ಮೇಲಿನ ದರ ನೋಡಿ "ರೈತ ಜಾಸ್ತಿ ಕೇಳ್ತಾನೆ" ಅನ್ನುವವರು ಈ ಲೆಕ್ಕ ಹಾಕಿರುವುದಿಲ್ಲ. ಸೊಪ್ಪಿನಲ್ಲಂತೂ ವ್ಯತ್ಯಾಸ ಇನ್ನೂ ದೊಡ್ಡದು, ಯಾಕಂದರೆ ಮೆಂತ್ಯದ ಕಟ್ಟಿನಲ್ಲಿ ದಂಟು, ಬೇರು, ಮಣ್ಣು ಎಲ್ಲದಕ್ಕೂ ದುಡ್ಡು ಕೊಟ್ಟಿರುತ್ತೀರಿ.

ಈ ನೋಟ್‌ಬುಕ್ ಇಲ್ಲದೆ ದರದ ಮಾತಿಗೆ ಕೂರಬೇಡಿ.

2. ಯಾವುದು ಹೊಲದಿಂದ, ಯಾವುದು ಯಾರ್ಡ್‌ನಿಂದ

ಎಲ್ಲವನ್ನೂ ನೇರ ತರಿಸಲು ಹೋಗುವುದು ಮೊದಲ ತಪ್ಪು. ಸೊಪ್ಪು, ಬೆಂಡೆ, ಬದನೆ, ಹೀರೆ, ಹಾಗಲ, ತೊಂಡೆ, ಹಸಿಮೆಣಸು, ಟೊಮ್ಯಾಟೊ ಇವು ನೇರ ಬಂದರೆ ತಟ್ಟೆಯಲ್ಲಿ ರುಚಿ ಗೊತ್ತಾಗುತ್ತದೆ. ಈರುಳ್ಳಿ, ಆಲೂಗಡ್ಡೆ, ಶುಂಠಿ, ತೆಂಗಿನಕಾಯಿ ಯಾರ್ಡ್‌ನಿಂದಲೇ ಬರಲಿ. ಅವು ಎರಡು ದಿನ ತಡವಾದರೂ ಏನೂ ಆಗುವುದಿಲ್ಲ.

ಕಾಳು-ಕಡಿಯ ಕತೆ ಬೇರೆ. ಅಕ್ಕಿ, ಜೋಳವನ್ನು ವರ್ಷಕ್ಕೊಮ್ಮೆ ಕೊಳ್ಳಿ. ರೊಟ್ಟಿಗೆ ಮಂಗಳವೇಢೆ ಕಡೆಯ ಮಾಲದಂಡಿ ಜೋಳ ಹಿಂಗಾರಿನ ಸುಗ್ಗಿ ಮುಗಿದ ಮೇಲೆ ಬರುತ್ತದೆ. ಚೆನ್ನಾಗಿ ಒಣಗಿಸಿದ್ದನ್ನೇ ತುಂಬಿಡಿ. ಮಾವಳ, ಮುಳಶಿ ಭಾಗದ ಇಂದ್ರಾಯಣಿ ಅಕ್ಕಿ ಘಮಘಮ ಅನ್ನುತ್ತದೆ, ಆದರೆ ಅನ್ನ ಅಂಟಂಟು. ಬಿಸಿಬೇಳೆಭಾತ್, ಮೊಸರನ್ನ, ಹುಗ್ಗಿಗೆ ಇದಕ್ಕಿಂತ ಒಳ್ಳೆಯ ಅಕ್ಕಿ ನನಗೆ ಇಲ್ಲಿ ಸಿಕ್ಕಿಲ್ಲ. ಚಿತ್ರಾನ್ನಕ್ಕೆ ಬಳಸಿದರೆ ಮುದ್ದೆಯಾಗುತ್ತದೆ.

ಯಾವ ಕಡೆಯಿಂದ ಏನು ಬರುತ್ತದೆ ಅನ್ನುವ ಅಂದಾಜು ಇರಲಿ. ಪಶ್ಚಿಮಕ್ಕೆ ಮುಳಶಿ, ಮಾವಳ: ಭತ್ತದ ಸೀಮೆ, ಮಳೆ ಜಾಸ್ತಿ, ಜುಲೈ-ಆಗಸ್ಟ್‌ನಲ್ಲಿ ಅಲ್ಲಿಂದ ಸೊಪ್ಪು ನಂಬಬೇಡಿ, ಕೊಳೆತು ಬರುತ್ತದೆ. ಆಗ್ನೇಯಕ್ಕೆ ಸಾಸವಡ, ಅಂದರೆ ಪುರಂದರ ತಾಲೂಕು: ಮಳೆ ಕಡಿಮೆ, ಮುಂಗಾರಿನ ಬಟಾಣಿ, ಅಂಜೂರ, ಸೀತಾಫಲ. ಬೇಸಿಗೆಯಲ್ಲಿ ಮಾತ್ರ ನೀರಿನ ತಾಪತ್ರಯ. ಉತ್ತರಕ್ಕೆ ಖೇಡ, ಆಂಬೇಗಾಂವ್, ಜುನ್ನರ: ಆಲೂಗಡ್ಡೆ, ಈರುಳ್ಳಿ, ಟೊಮ್ಯಾಟೊ. ಒಂದೇ ದಿಕ್ಕಿನ ರೈತರನ್ನು ನಂಬಿಕೊಂಡರೆ ವರ್ಷದಲ್ಲಿ ಮೂರು ತಿಂಗಳು ಕೈ ಖಾಲಿ. ಕನಿಷ್ಠ ಎರಡು ದಿಕ್ಕು ಬೇಕು.

3. ರೈತರನ್ನು ಎಲ್ಲಿ ಹುಡುಕುವುದು

ಶೇತಕರಿ ಆಠವಡಿ ಬಾಜಾರದಿಂದ ಶುರು ಮಾಡಿ. ಶೇತಕರಿ ಅಂದರೆ ರೈತ, ಆಠವಡಿ ಬಾಜಾರ ಅಂದರೆ ವಾರದ ಸಂತೆ. ಪುಣೆಯ ಹಲವು ಬಡಾವಣೆಗಳಲ್ಲಿ ಈ ಸಂತೆ ನಡೆಯುತ್ತದೆ. ಅಲ್ಲಿ ಕೂತವರೆಲ್ಲ ಬೆಳೆದವರೇ ಅಂದುಕೊಳ್ಳಬೇಡಿ. ಒಬ್ಬರ ಮುಂದೆ ಹೂಕೋಸು, ಕ್ಯಾರೆಟ್, ಶುಂಠಿ, ದೊಣ್ಣೆಮೆಣಸು ಹೀಗೆ ಇಪ್ಪತ್ತು ಬಗೆ ಇದ್ದರೆ ಅದು ಯಾರ್ಡ್‌ನಿಂದ ತಂದ ಮಾಲು. ಬೆಳೆದವರ ಮುಂದೆ ನಾಲ್ಕೈದು ಬಗೆ ಇರುತ್ತದೆ, ಅದರಲ್ಲಿ ಒಂದು ರಾಶಿ ಇರುತ್ತದೆ. "ಮುಂದಿನ ವಾರ ಏನು ಬರುತ್ತೆ?" ಅಂತ ಕೇಳಿ. ಬೆಳೆದವರು ಕೂಡಲೇ ಹೇಳುತ್ತಾರೆ: ಬೆಂಡೆ ಇನ್ನು ಎಂಟು ದಿನಕ್ಕೆ ಮುಗಿಯುತ್ತದೆ, ಹೀರೆಗೆ ಹೂವು ಬಂದಿದೆ ಅಂತ. ವ್ಯಾಪಾರಿ "ಏನು ಬೇಕಾದರೂ ತರ್ತೀನಿ" ಅನ್ನುತ್ತಾನೆ.

ಎರಡನೆಯ ದಾರಿ ರೈತ ಉತ್ಪಾದಕ ಕಂಪನಿಗಳು. ಹತ್ತಾರು, ನೂರಾರು ರೈತರು ಸೇರಿ ನೋಂದಾಯಿಸಿದ ಕಂಪನಿ ಇದು. ಒಬ್ಬರಿಗೆ ಬೆಳೆ ಕೆಟ್ಟರೆ ಇನ್ನೊಬ್ಬರಿಂದ ತಂದುಕೊಡುತ್ತಾರೆ, ಇದು ದೊಡ್ಡ ಅನುಕೂಲ. ನಾರಾಯಣಗಾಂವ್ ಮತ್ತು ಬಾರಾಮತಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ, ತಾಲೂಕಿನ ಕೃಷಿ ಅಧಿಕಾರಿ ಕಚೇರಿಯಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ.

ಕಾನೂನಿನ ಭಯ ಬೇಡ. ಮಹಾರಾಷ್ಟ್ರದಲ್ಲಿ 2016ರಲ್ಲೇ ಹಣ್ಣು-ತರಕಾರಿಯನ್ನು ಮಾರುಕಟ್ಟೆ ಸಮಿತಿಯ (ಎಪಿಎಂಸಿ) ಹಿಡಿತದಿಂದ ಹೊರಗೆ ತಂದಿದ್ದಾರೆ. ರೈತರು ಯಾರ್ಡ್‌ನ ಹೊರಗೆ ನಿಮಗೆ ನೇರವಾಗಿ ಮಾರಬಹುದು.

4. ಹೊಲಕ್ಕೆ ಹೋಗಿ ಬನ್ನಿ

ಫೋನಿನಲ್ಲೇ ಮುಗಿಸಬೇಡಿ. ಒಂದು ದಿನ ರಜೆ ಹಾಕಿ ಹೋಗಿ. ಅಡುಗೆಯವರನ್ನೂ ಕರೆದುಕೊಂಡು ಹೋಗಿ.

ನೋಡಬೇಕಾದದ್ದು ಮೊದಲು ನೀರು. ಬಾವಿಯೋ, ಬೋರೋ, ಕಾಲುವೆಯೋ? ಏಪ್ರಿಲ್-ಮೇನಲ್ಲಿ ಎಷ್ಟಿರುತ್ತದೆ? ಆಮೇಲೆ ಸಾತ್‌ಬಾರಾ ಉತಾರಾ. ನಮ್ಮ ಕಡೆ ಪಹಣಿ ಅಂತೀವಲ್ಲ, ಅದೇ. ಜಮೀನು ಯಾರದು, ಯಾವ ಬೆಳೆ ನೋಂದಾಗಿದೆ ಅಂತ ಅದರಲ್ಲಿ ಇರುತ್ತದೆ. ಪೊಲೀಸರ ಹಾಗೆ ಕೇಳಬೇಡಿ. ಚಹಾ ಕುಡಿಯುತ್ತಾ ಎಷ್ಟು ಗುಂಟೆ, ಯಾರ್ಯಾರ ಹೆಸರಲ್ಲಿದೆ ಅಂತ ಮಾತಾಡಿದರೆ ಅವರೇ ತೋರಿಸುತ್ತಾರೆ. ಮನೆಯ ಹೆಂಗಸರ ಹತ್ತಿರವೂ ಮಾತಾಡಿ. ಸೊಪ್ಪು ಕೀಳುವುದು, ಕಟ್ಟುವುದು ಬಹಳ ಕಡೆ ಅವರ ಕೆಲಸ. ಯಾವ ಮಡಿ ಯಾವಾಗ ಕೈಗೆ ಬರುತ್ತದೆ ಅನ್ನುವುದು ಅವರಿಗೇ ಸರಿಯಾಗಿ ಗೊತ್ತು. ಇಲ್ಲಿ ಹೆಂಗಸರನ್ನು "ತಾಯಿ" ಅಂತ ಕರೆಯುತ್ತಾರೆ, ಮರಾಠಿಯಲ್ಲಿ ಹಾಗಂದರೆ ಅಕ್ಕ.

ಔಷಧಿ ಹೊಡೆಯುವ ವಿಷಯ ಮುಚ್ಚುಮರೆ ಇಲ್ಲದೆ ಕೇಳಿ. ಯಾವುದು, ಕೊನೆಯ ಸಲ ಯಾವತ್ತು? ಪ್ರತಿ ಔಷಧಿಗೂ ಕಾಯುವ ಅವಧಿ ಇದೆ. ಹೊಡೆದ ಮೇಲೆ ಇಷ್ಟು ದಿನ ಕೊಯ್ಯಬಾರದು ಅಂತ ಡಬ್ಬಿಯ ಜೊತೆ ಬರುವ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಡಬ್ಬಿಯ ಮೇಲೆ ಬಣ್ಣದ ತ್ರಿಕೋನವೂ ಇರುತ್ತದೆ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ನಾನು ಕೇಳಿಕೊಳ್ಳುವುದು ಇಷ್ಟು: ಕೆಂಪು ತ್ರಿಕೋನದ್ದು ನಮ್ಮ ಮಡಿಗೆ ಬೇಡ, ಮಿಕ್ಕಿದ್ದು ಹೊಡೆದರೆ ದಿನಾಂಕ ವಾಟ್ಸಾಪ್ ಮಾಡಿ, ಕಾಯುವ ಅವಧಿ ಮುಗಿಯುವ ತನಕ ನಾನು ಬೇರೆ ಪಲ್ಯ ಮಾಡುತ್ತೇನೆ. ಹೀಗೆ ಹೇಳಿದಾಗ ರೈತರು ನಿಜ ಹೇಳುತ್ತಾರೆ. "ಔಷಧಿಯೇ ಹೊಡೆಯಬಾರದು" ಅಂತ ಪಟ್ಟು ಹಿಡಿದರೆ ಹೊಡೆದರೂ ಹೊಡೆದಿಲ್ಲ ಅನ್ನಬೇಕಾಗುತ್ತದೆ. ಸರ್ಟಿಫಿಕೇಟ್ ಇಲ್ಲದೆ ಬೋರ್ಡಿನ ಮೇಲೆ "ಸಾವಯವ" ಅಂತ ಬರೆಯಬೇಡಿ. ಊರಿನ ಹೆಸರು ಬರೆಯಿರಿ, ಅಷ್ಟು ಸಾಕು.

ಹೆಸರುಗಳ ಗೊಂದಲವನ್ನು ಅವತ್ತೇ ಬಗೆಹರಿಸಿಕೊಳ್ಳಿ. ನಮ್ಮ ಉತ್ತರ ಕರ್ನಾಟಕದವರಿಗೆ ಚವಳಿಕಾಯಿ ಅಂದರೆ ಗೋರಿಕಾಯಿ. ಮರಾಠಿಯಲ್ಲಿ ಚವಳಿ ಅಂದರೆ ಅಲಸಂದೆ. ನಾನು ಮೊದಲ ತಿಂಗಳು ಫೋನಿನಲ್ಲಿ "ಚವಳಿ, 8 ಕಿಲೋ" ಅಂದೆ, ಬೆಳಿಗ್ಗೆ 8 ಕಿಲೋ ಎಳೆ ಅಲಸಂದೆ ಬಂದು ಕೂತಿತ್ತು. ರೈತರದು ಏನೂ ತಪ್ಪಿರಲಿಲ್ಲ. ಗೋರಿಕಾಯಿ ಬೇಕಿದ್ದರೆ "ಗವಾರ" ಅನ್ನಿ. ಸಬ್ಬಸಿಗೆಗೆ ಶೇಪು, ಪುಂಡಿಗೆ ಅಂಬಾಡಿ, ಹೀರೆಗೆ ದೋಡಕಾ, ಹಾಗಲಕ್ಕೆ ಕಾರ್ಲೆ, ನುಗ್ಗೆಗೆ ಶೇವಗಾ, ಕೆಸುವಿಗೆ ಅಳೂ. ಕುಂಬಳದಲ್ಲಿ ಹುಷಾರು: ದುಧಿ ಭೋಪಳಾ ಸೋರೆಕಾಯಿ, ಲಾಲ್ ಭೋಪಳಾ ಸಿಹಿಗುಂಬಳ, ಬೂದುಗುಂಬಳ ಬೇಕಾದರೆ ಕೋಹಳಾ. ಬರೀ "ಭೋಪಳಾ" ಅಂದರೆ ಯಾವುದು ಬರುತ್ತದೋ ಹೇಳಲಾಗದು. ಪಟ್ಟಿ ಬರೆದು ಫೋಟೋ ಸಮೇತ ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ.

5. ದರ ಕಟ್ಟುವುದು

ಹೆಚ್ಚಿನ ವ್ಯವಹಾರ ಮುರಿಯುವುದು ಇಲ್ಲೇ. ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ವರ್ಷಪೂರ್ತಿ ಒಂದೇ ದರ ಅಂತ ಮಾತಾಡಿಕೊಳ್ಳಬೇಡಿ. ಯಾರ್ಡ್ ದರ ಬಿದ್ದಾಗ ನಿಮಗೆ ಹೊಟ್ಟೆ ಉರಿಯುತ್ತದೆ, ಏರಿದಾಗ ಅವರಿಗೆ. ದಿನದಿನದ ಯಾರ್ಡ್ ದರವೂ ಬೇಡ, ಹಾಗಾದರೆ ನೇರ ವ್ಯವಹಾರದ ಅರ್ಥವೇ ಉಳಿಯಲಿಲ್ಲ. ನಡುವಿನ ದಾರಿ ಹೀಗಿದೆ.

ಪುಣೆ ಮಾರುಕಟ್ಟೆ ಸಮಿತಿಯ ದರ ದಿನವೂ ಪ್ರಕಟವಾಗುತ್ತದೆ. ತರಕಾರಿಗೆ ಸಾಮಾನ್ಯವಾಗಿ 10 ಕಿಲೋ ಲೆಕ್ಕ, ಸೊಪ್ಪಿಗೆ 100 ಜುಡಿ ಲೆಕ್ಕ. ಜುಡಿ ಅಂದರೆ ಕಟ್ಟು. ವಾರಕ್ಕೊಂದು ದಿನ, ನಾವು ಭಾನುವಾರ ರಾತ್ರಿ, ಕಳೆದ ವಾರದ ಕಡಿಮೆ ಮತ್ತು ಹೆಚ್ಚಿನ ದರದ ನಡುವಿನದನ್ನು ತೆಗೆಯುತ್ತೇವೆ. ಅದಕ್ಕೆ ಒಪ್ಪಿಕೊಂಡಷ್ಟು ಸೇರಿಸುತ್ತೇವೆ. ಸೇರಿಸಿದ್ದು ತಾಜಾತನಕ್ಕೆ, ಆರಿಸಿ ಕೊಡುವ ಶ್ರಮಕ್ಕೆ. ಬಂದ ದರ ಮುಂದಿನ ಭಾನುವಾರದ ತನಕ ಬದಲಾಗುವುದಿಲ್ಲ.

ಇದಕ್ಕೊಂದು ತಳ, ಒಂದು ಮೇಲ್ಮಿತಿ ಇರಲಿ. ಟೊಮ್ಯಾಟೊ ತಳ 15, ಮೇಲ್ಮಿತಿ 40 ಅಂತಿಟ್ಟುಕೊಳ್ಳೋಣ. ಯಾರ್ಡ್‌ನಲ್ಲಿ 5ಕ್ಕೆ ಬಿದ್ದು ರೈತರು ರಸ್ತೆಗೆ ಸುರಿಯುವ ಹೊತ್ತಿನಲ್ಲೂ ನೀವು 15 ಕೊಡುತ್ತೀರಿ. 60ಕ್ಕೆ ಏರಿದಾಗ ಅವರು 40ಕ್ಕೆ ಕೊಡುತ್ತಾರೆ. ತಳ ಎಷ್ಟು ಅಂತ ನೀವೇ ನಿರ್ಧರಿಸಬೇಡಿ. ಸಸಿ, ಗೊಬ್ಬರ, ಕೊಯ್ಲಿನ ಕೂಲಿ, ಟೆಂಪೋ ಖರ್ಚು ಅವರ ಬಾಯಲ್ಲೇ ಕೇಳಿ ಕೂಡಿಸಿ.

ಮೇಲ್ಮಿತಿಯಲ್ಲಿ ಒಂದು ಗುಂಡಿ ಇದೆ. 2023ರ ಜುಲೈನಲ್ಲಿ ನಾರಾಯಣಗಾಂವ್ ಮಾರುಕಟ್ಟೆಯಲ್ಲಿ 20 ಕಿಲೋ ಟೊಮ್ಯಾಟೊ ಕ್ರೇಟ್ 2,000 ರೂಪಾಯಿ ದಾಟಿತು. ಅಂದರೆ ಕಿಲೋಗೆ ನೂರರ ಮೇಲೆ. ಅಂಥ ಹೊತ್ತಿನಲ್ಲಿ "ನೀವು 40ಕ್ಕೆ ಒಪ್ಪಿದ್ದಿರಿ" ಅಂತ ಹಿಡಿದುಕೊಂಡರೆ ಅದು ನ್ಯಾಯವಲ್ಲ. ವರ್ಷಗಟ್ಟಲೆ ಸಾಲ ತೀರಿಸಲಾಗದ ಮನೆಗೆ ದುಡ್ಡು ನೋಡುವ ಅದೊಂದು ತಿಂಗಳು ಬಂದಿರುತ್ತದೆ. ಮೊದಲೇ ಮಾತಾಡಿಕೊಳ್ಳಿ: ಯಾರ್ಡ್ ದರ ಮೇಲ್ಮಿತಿಯ ಎರಡು ಪಟ್ಟು ದಾಟಿದರೆ ಮೇಲ್ಮಿತಿಗಿಂತ ಹೆಚ್ಚಾದದ್ದನ್ನು ಅರ್ಧ ಅರ್ಧ ಹಂಚಿಕೊಳ್ಳುವುದು. ಯಾರ್ಡ್ 100 ಇದ್ದರೆ ನೀವು 70 ಕೊಡುತ್ತೀರಿ. ಜೊತೆಗೆ ಟೊಮ್ಯಾಟೊ ಬಳಕೆಯನ್ನು ಅರ್ಧಕ್ಕೆ ಇಳಿಸಿ, ಸಾರಿಗೆ ಹುಣಸೆಹಣ್ಣು ಹಾಕಿ.

ಪಿತೃಪಕ್ಷದ ಹದಿನೈದು ದಿನ ಬೇರೆಯೇ ಲೆಕ್ಕ. ಶ್ರಾದ್ಧದ ಅಡುಗೆಗೆ ಬೇಕು ಅಂತ ಗವಾರ, ಬೆಂಡೆ, ಹಾಗಲ, ಕೆಸುವಿನ ಎಲೆ ಪುಣೆಯಲ್ಲಿ ದುಬಾರಿಯಾಗುತ್ತವೆ. ಆ ದಿನಗಳಲ್ಲಿ ಇವನ್ನು ಕೇಳಬೇಡಿ. ರೈತರು ನಾಲ್ಕು ಕಾಸು ಜಾಸ್ತಿ ನೋಡಲಿ, ನೀವು ಹೀರೆ, ಬದನೆ, ಸೊಪ್ಪಿನಲ್ಲಿ ನಡೆಸಿಕೊಳ್ಳಿ.

6. ಸಾಗಣೆ

ನಮ್ಮಂಥವರಿಗೆ ದಿನಕ್ಕೆ ಬೇಕಾಗುವುದು 25-30 ಕಿಲೋ. ಅಷ್ಟಕ್ಕೆ ಯಾರೂ ಟೆಂಪೋ ಕಳಿಸುವುದಿಲ್ಲ, ಕಳಿಸಿದರೆ ಬಾಡಿಗೆಯೇ ತರಕಾರಿಗಿಂತ ಹೆಚ್ಚು. ಅದಕ್ಕೆ ಎರಡು ಉಪಾಯ. ಒಂದು, ಅಕ್ಕಪಕ್ಕದ ಮೂರು-ನಾಲ್ಕು ಹೋಟೆಲಿನವರು ಸೇರಿ ಒಂದೇ ಗಾಡಿ ಮಾಡಿಕೊಳ್ಳುವುದು. ಇನ್ನೊಂದು, ರೈತರು ಹೇಗೂ ವಾರದ ಸಂತೆಗೆ, ಯಾರ್ಡ್‌ಗೆ ಬರುವ ದಿನಗಳನ್ನೇ ಹಿಡಿಯುವುದು. ವಾರಕ್ಕೆ ಮೂರು ದಿನ ಸಾಕು. ಮೊದಲ ದಿನ ಸೊಪ್ಪಿನ ಅಡುಗೆ, ಎರಡನೆಯ ದಿನ ಕಾಯಿಪಲ್ಯ ಅಂತ ಹೊಂದಿಸಿಕೊಳ್ಳಬಹುದು.

ಆಷಾಢದ ಹೊತ್ತಿಗೆ ಪಾಲಕಿ ಬರುತ್ತದೆ, ಅಂದರೆ ಪಂಢರಪುರಕ್ಕೆ ನಡೆದು ಹೋಗುವ ವಾರಕರಿಗಳ ಮೆರವಣಿಗೆ. ಜ್ಞಾನೇಶ್ವರರ ಪಾಲಕಿ ಪುಣೆಯಿಂದ ದಿವೇ ಘಾಟ್ ಹತ್ತಿ ಸಾಸವಡಕ್ಕೆ, ತುಕಾರಾಮರದು ಸೋಲಾಪುರ ರಸ್ತೆಯಲ್ಲಿ. ಆ ದಿನಗಳಲ್ಲಿ ಆ ಕಡೆಯ ಗಾಡಿ ಬರುವುದಿಲ್ಲ. ದಿನಾಂಕ ಮೊದಲೇ ತಿಳಿದುಕೊಂಡು ಉತ್ತರದ ರೈತರಿಗೆ ಹೇಳಿಡಿ.

7. ಮಾಲು ಇಳಿಸಿಕೊಳ್ಳುವಾಗ

ಸೊಪ್ಪಿನ ಮೂಟೆ ಬಿಚ್ಚಿದ ಕೂಡಲೇ ನಟ್ಟನಡುವೆ ಕೈ ತೂರಿಸಿ. ತಣ್ಣಗಿದ್ದರೆ ಸರಿ. ಬೆಚ್ಚಗಿದ್ದರೆ ಒಳಗೆ ಕಾವು ಹಿಡಿದಿದೆ, ಸಂಜೆಯೊಳಗೆ ಹಳದಿಯಾಗುತ್ತದೆ. ಆಗ ತಡಮಾಡದೆ ಎಲ್ಲ ಕಟ್ಟು ಬಿಚ್ಚಿ ನೆರಳಲ್ಲಿ, ಫ್ಯಾನಿನ ಕೆಳಗೆ ಹರಡಿ. ಒದ್ದೆ ಸೊಪ್ಪನ್ನು ಹಾಗೇ ಫ್ರಿಜ್‌ಗೆ ತುಂಬಬೇಡಿ. ಕೊಯ್ಯುವ ಹೊತ್ತೂ ಮುಖ್ಯ. ಬಿಸಿಲಲ್ಲಿ ಕೊಯ್ದು ಕಟ್ಟಿದ್ದಕ್ಕಿಂತ ಸಂಜೆ ತಂಪಲ್ಲಿ ಕೊಯ್ದದ್ದು ಒಂದು ದಿನ ಹೆಚ್ಚು ಬಾಳುತ್ತದೆ.

ಬೆಂಡೆಯ ತುದಿ ಮುರಿದು ನೋಡಿ, ಟಕ್ ಅಂತ ಮುರಿಯಬೇಕು. ಬಾಗಿದರೆ ಬಲಿತಿದೆ. ಬದನೆಯ ತೊಟ್ಟಿನ ಹತ್ತಿರ ಸೂಜಿಮೊನೆಯಷ್ಟು ತೂತಿದ್ದರೆ ಒಳಗೆ ಹುಳ ಇದೆ. ಟೊಮ್ಯಾಟೊ ಕ್ರೇಟ್‌ನಲ್ಲಿ ಕೆಳಗಿನ ಸಾಲು ನೋಡಿ.

ಸೊಟ್ಟಗಿದ್ದದ್ದು, ಚಿಕ್ಕದು, ಬಣ್ಣ ಕಡಿಮೆ ಇದ್ದದ್ದು ವಾಪಸ್ ಮಾಡಬೇಡಿ. ಯಾರ್ಡ್‌ನಲ್ಲಿ ಅದಕ್ಕೆ ಬೆಲೆ ಇಲ್ಲ. ನಿಮ್ಮ ಎಣ್ಣೆಗಾಯಿಗೆ, ಗೊಜ್ಜಿಗೆ, ಚಟ್ನಿಗೆ ಅದರಿಂದ ಏನೂ ತೊಂದರೆ ಇಲ್ಲ. ಕಡಿಮೆ ದರಕ್ಕೆ ಅದನ್ನೂ ತೆಗೆದುಕೊಂಡರೆ ಇಬ್ಬರಿಗೂ ಲಾಭ. ಕೊಳೆತದ್ದು, ಹುಳ ಬಿದ್ದದ್ದು ಮಾತ್ರ ತೂಕದಿಂದ ಕಳೆಯಿರಿ. ಆದರೆ ಗಂಟೆಯೊಳಗೆ ಫೋಟೋ ಕಳಿಸಿ. ಸಂಜೆ ಅಡುಗೆ ಮುಗಿದ ಮೇಲೆ "ಬೆಳಿಗ್ಗೆ ಮೂರು ಕಿಲೋ ಕೆಟ್ಟಿತ್ತು" ಅಂದರೆ ಯಾರು ನಂಬುತ್ತಾರೆ?

8. ಮೆನುವಿನಲ್ಲಿ ಜಾಗ ಬಿಡಿ

ಮೆನು ಕಾರ್ಡಿನಲ್ಲಿ "ಬೆಂಡೆಕಾಯಿ ಪಲ್ಯ" ಅಂತ ಅಚ್ಚು ಹಾಕಿಸಿದರೆ ಬೆಂಡೆ ಸಿಗದ ದಿನಗಳಲ್ಲೂ ಅದನ್ನೇ ಹುಡುಕಿಕೊಂಡು ಅಲೆಯಬೇಕು. "ಇವತ್ತಿನ ಪಲ್ಯ", "ಇವತ್ತಿನ ಸೊಪ್ಪು" ಅಂತ ಹಾಕಿ, ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ನಮ್ಮಲ್ಲಿ ಶುರುವಿಗೆ ನಾಲ್ಕು ಜನ ಗೊಣಗಿದರು. ಈಗ ಒಳಗೆ ಬರುತ್ತಲೇ ಬೋರ್ಡ್ ನೋಡುತ್ತಾರೆ.

ಅತಿಯಾಗಿ ಬಂದ ದಿನಕ್ಕೂ ಒಂದು ಯೋಜನೆ ಇರಲಿ. ಬಟಾಣಿಯನ್ನು ಎರಡು ನಿಮಿಷ ಕುದಿಯುವ ನೀರಿಗೆ ಹಾಕಿ, ತಣ್ಣೀರಿಗೆ ಸುರಿದು, ಒಣಗಿಸಿ ಫ್ರೀಜರ್‌ಗೆ. ಟೊಮ್ಯಾಟೊ ಗೊಜ್ಜು. ಮೂರ್ನಾಲ್ಕು ಬಗೆ ಸೊಪ್ಪು ಉಳಿದರೆ ಬೆರಕೆ ಸೊಪ್ಪಿನ ಸಾರು.

9. ದುಡ್ಡು ಮತ್ತು ಕಾಗದ

ಯಾರ್ಡ್‌ನಲ್ಲಿ ಏನೇ ಕಷ್ಟ ಇದ್ದರೂ ಅಡತ್ಯಾ, ಅಂದರೆ ದಲಾಲಿ, ಮಾಲು ಮಾರಿದ ಮೇಲೆ ಪಟ್ಟಿ ಕೊಡುತ್ತಾನೆ. ಪಟ್ಟಿ ಅಂದರೆ ಲೆಕ್ಕದ ಚೀಟಿ. ನೀವು ಅದಕ್ಕಿಂತ ನಿಧಾನ ಆಗಬಾರದು. ಮೊದಲ ತಿಂಗಳು ಅವತ್ತಿನ ದುಡ್ಡು ಅವತ್ತೇ. ಆಮೇಲೆ ಬೇಕಾದರೆ ವಾರಕ್ಕೊಮ್ಮೆ, ಗೊತ್ತಾದ ದಿನ. ಯುಪಿಐ ಮಾಡಿ, ಪಹಣಿಯಲ್ಲಿ ಹೆಸರಿರುವವರ ಅಥವಾ ಅವರ ಮನೆಯವರ ಖಾತೆಗೇ ಹಾಕಿ. ದೊಡ್ಡ ಮುಂಗಡ ಕೊಡಬೇಡಿ. ಬೆಳೆ ಕೆಟ್ಟರೆ ಆ ದುಡ್ಡು ಇಬ್ಬರ ನಡುವೆ ಗೋಡೆಯಾಗುತ್ತದೆ.

ರೈತರು ಜಿಎಸ್‌ಟಿ ಬಿಲ್ ಕೊಡುವುದಿಲ್ಲ, ಚಿಂತೆ ಬೇಡ. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಶೇ. 5ರ ಜಿಎಸ್‌ಟಿ ಹಾಕುವ ನಮ್ಮಂಥ ಹೋಟೆಲುಗಳಿಗೆ ಕೊಂಡ ಮಾಲಿನ ತೆರಿಗೆ ವಾಪಸ್ ಪಡೆಯುವ ಅವಕಾಶವೂ ಇಲ್ಲ. ನೀವೇ ಒಂದು ವೋಚರ್ ಪುಸ್ತಕ ಇಟ್ಟುಕೊಳ್ಳಿ: ದಿನಾಂಕ, ರೈತರ ಹೆಸರು, ಊರು, ತೂಕ, ದರ, ಸಹಿ. 2006ರ ಆಹಾರ ಸುರಕ್ಷತಾ ಕಾಯ್ದೆ ಹೊಲದಲ್ಲಿ ಬೆಳೆಯುವ ರೈತರಿಗೆ ಅನ್ವಯಿಸುವುದಿಲ್ಲ. ಆದರೆ ನಿಮ್ಮ ಅಡುಗೆಮನೆಗೆ ಅನ್ವಯಿಸುತ್ತದೆ. ತೊಳೆದು ಸೋಸುವ ಜವಾಬ್ದಾರಿ ಪೂರ್ತಿ ನಿಮ್ಮದೇ. ಮಾಲು ಎಲ್ಲಿಂದ ಬಂತು ಅಂತ ಕೇಳಿದರೆ ಈ ಪುಸ್ತಕ ತೋರಿಸಿ.

10. ಬಿತ್ತುವ ಮೊದಲು ಕೂತು ಮಾತಾಡಿ

ಒಂದು ವರ್ಷ ಹೀಗೆ ನಡೆದ ಮೇಲೆ ನಿಮಗಾಗಿಯೇ ಬಿತ್ತಲು ಕೇಳಬಹುದು. ಪುಂಡಿ, ಮಂಗಳೂರು ಸೌತೆ, ನಮ್ಮ ಕಡೆಯ ಮುಳ್ಳುಗಾಯಿ ಬದನೆಯ ಬೀಜವನ್ನು ಊರಿಂದ ತಂದುಕೊಡಿ. ಮುಂಗಾರಿನದಕ್ಕೆ ಮೇ ತಿಂಗಳಲ್ಲೇ ಹೋಗಿ ಮಾತಾಡಿ, ಜೂನ್‌ಗೆ ಹೋದರೆ ಹೊಲದ ಯೋಜನೆ ಮುಗಿದಿರುತ್ತದೆ.

ಒಂದೇ ಸಲ ಬಿತ್ತಿಸಬೇಡಿ. ಮೆಂತ್ಯ ಸುಮಾರು 30 ದಿನಕ್ಕೆ, ಕೊತ್ತಂಬರಿ 40-45 ದಿನಕ್ಕೆ, ಬೆಂಡೆ ಸುಮಾರು 50 ದಿನಕ್ಕೆ ಕೈಗೆ ಬರುತ್ತದೆ. ನಾಲ್ಕು ಗುಂಟೆ ಮೆಂತ್ಯ ಒಟ್ಟಿಗೆ ಬಿತ್ತಿದರೆ ಒಂದೇ ವಾರ ಬೆಟ್ಟದಷ್ಟು ಬಂದು, ಆಮೇಲೆ ಮೂರು ವಾರ ಏನೂ ಇರುವುದಿಲ್ಲ. ಎಂಟು ದಿನಕ್ಕೊಂದು ಗುಂಟೆಯಂತೆ ಬಿತ್ತಲು ಹೇಳಿ. ನಿಮಗೆ ಬೇಕು ಅನ್ನಿಸಿದ್ದರ ಅರ್ಧದಷ್ಟನ್ನೇ ಮಾತು ಕೊಡಿ. ಮಾತು ಕೊಟ್ಟದ್ದನ್ನು, ಖಾನಾವಳಿ ಖಾಲಿ ಹೊಡೆದ ದಿನವೂ, ತಳದ ದರಕ್ಕೆ ಪೂರ್ತಿ ತೆಗೆದುಕೊಳ್ಳಿ. ಜಾಸ್ತಿ ಬೇಕಾದದ್ದನ್ನು ಆ ವಾರದ ದರಕ್ಕೆ ಕೇಳಿ. ಈ ವರ್ಷ ನಾನು ಎರಡು ಗುಂಟೆ ಪುಂಡಿಗೆ ಮಾತು ಕೊಟ್ಟಿದ್ದೇನೆ. ಬೀಜ ಹೋದ ವಾರ ಟೆಂಪೋದಲ್ಲೇ ಕಳಿಸಿದೆ.